ಕಣ್ಮರೆಯಾದೊಡನೆ ಕೈಕಟ್ಟುವ ಯಂತ್ರ

ಧಣಿಯ ಕಣ್ಣೆದುರಿಗೆ ಮೈಮುರಿದು ದುಡಿಯುವ ಆಳು, ಧಣಿ ಬೆನ್ನು ತಿರುಗಿಸಿದೊಡನೆ ಮರದ ನೆರಳು ಸೇರುವನೆಂಬ ದೂರು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಆದರೆ ಆಲಸ್ಯವನ್ನಾಗಲಿ ಆಯಾಸವನ್ನಾಗಲಿ ಅರಿಯದ ಯಂತ್ರವೊಂದು ಇದೇ ಬಗೆಯಲ್ಲಿ ನಡೆದುಕೊಂಡರೆ ಏನೆನ್ನಬೇಕು? ನೋಡುತ್ತಿರುವಷ್ಟು ಹೊತ್ತು ಚಾಚೂ ತಪ್ಪದೆ ಕೆಲಸ ಮಾಡುತ್ತದೆ; ನಾವು ಕಣ್ಣು ತೆಗೆದರೆ ನಿಂತುಹೋಗುತ್ತದೆ; ಏನಾಯಿತೆಂದು ಮತ್ತೆ ನೋಡಹೋದರೆ ಏನೂ ಆಗಲೇ ಇಲ್ಲವೆಂಬಂತೆ ಬೆಳಗುತ್ತಿರುತ್ತದೆ. ದೂರದ ಸರ್ವರಿನಲ್ಲಿ ಸ್ವಯಂಚಾಲಿತ ತಂತ್ರಾಂಶವನ್ನು ನಡೆಸುವ ಕಚೇರಿಗಳಲ್ಲಿ ಇದು ಆಗಾಗ ಕೇಳಿಬರುವ ಗೋಳು. ಈ ಒಗಟಿನ ಒಳಗುಟ್ಟೇನು, ಇಂಥ ದೋಷವನ್ನು ಪತ್ತೆಹಚ್ಚುವ ಬಗೆ ಹೇಗೆ, ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಅದಕ್ಕೆ ನನ್ನ ಉತ್ತರ ಎರಡು. ಮೊದಲನೆಯದಾಗಿ, ಪದವಿ ಪಡೆದ ಮೇಲೆ ನಮ್ಮಲ್ಲಿ ಅನೇಕರು ಕೂರುವುದು ಇಂಥ ಯಂತ್ರಗಳ ಮುಂದೆಯೇ. ಅದು ಬೆಂಗಳೂರಿನ ದೊಡ್ಡ ಸಂಸ್ಥೆಯಾಗಿರಲಿ, ನಮ್ಮೂರಿನ ಲೆಕ್ಕದ ಅಂಗಡಿಯಾಗಿರಲಿ. ಎರಡನೆಯದಾಗಿ, ದೋಷವನ್ನು ಕಂಡುಹಿಡಿಯುವ ವಿದ್ಯೆ ಮೂಲತಃ ತರ್ಕದ ವಿದ್ಯೆ. ಯಂತ್ರದ ಅಂಗಾಂಗಗಳನ್ನು ಬಲ್ಲವನು ಸಹ ತರ್ಕ ತಪ್ಪಿದರೆ ಕಾರಣವನ್ನು ಕಾಣಲಾರ. ತರ್ಕ ಬಲ್ಲವನು ಅಂಗಾಂಗಗಳನ್ನು ಕೇಳಿ ತಿಳಿದುಕೊಳ್ಳಬಲ್ಲ.

ಮೊದಲು ದೂರದ ಸರ್ವರ್ ಎಂದರೇನೆಂಬುದನ್ನು ನೋಡೋಣ. ಎಲ್ಲಿಯೋ ಒಂದು ಊರಿನಲ್ಲಿ, ಸದಾ ವಿದ್ಯುತ್ತು ಇರುವ, ತಂಪಾದ ಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆ. ನಮ್ಮ ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿನಿಂದ ನಾವು ಅದನ್ನು ಪ್ರವೇಶಿಸುತ್ತೇವೆ. ವಿಂಡೋಸ್ ಯಂತ್ರಗಳಲ್ಲಿ ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆ ೧೯೯೮ರಲ್ಲಿ ವಿಂಡೋಸ್ ಎನ್.ಟಿ. ೪.೦ರ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ಈ ಸೌಕರ್ಯವನ್ನು ಹೊರತಂದಿತು. ೨೦೦೯ರಲ್ಲಿ ಬಂದ ವಿಂಡೋಸ್ ಸರ್ವರ್ ೨೦೦೮ ಆರ್-೨ರಲ್ಲಿ ಅದಕ್ಕೆ ಇಂದಿನ ಹೆಸರು ಬಂದಿತು. ಇದರಲ್ಲಿ ನಡೆಯುವ ವ್ಯವಹಾರ ಸರಳವಾದುದು. ಅಲ್ಲಿಂದ ಇಲ್ಲಿಗೆ ಬರುವುದು ತೆರೆಯ ಚಿತ್ರ. ಇಲ್ಲಿಂದ ಅಲ್ಲಿಗೆ ಹೋಗುವುದು ನಾವು ಒತ್ತಿದ ಕೀಲಿ ಮತ್ತು ಮೌಸಿನ ಚಲನೆ. ನಾವು ನೋಡುವ ಕಿಟಕಿಯಲ್ಲಿ ಕೆಲಸ ನಡೆಯುತ್ತಿರುವಂತೆ ತೋರುತ್ತದೆಯೇ ಹೊರತು ಕೆಲಸವೆಲ್ಲ ನಡೆಯುವುದು ಅಲ್ಲಿ.

ಇನ್ನು ಸ್ವಯಂಚಾಲಿತ ತಂತ್ರಾಂಶ. ಇದರಲ್ಲಿ ಎರಡು ಜಾತಿಗಳನ್ನು ಗುರುತಿಸುವುದು ಅವಶ್ಯ. ಒಂದು ಜಾತಿಯದು ಕಡತದೊಡನೆ, ಅಥವಾ ಇನ್ನೊಂದು ತಂತ್ರಾಂಶದೊಡನೆ ನೇರವಾಗಿ ಮಾತನಾಡುತ್ತದೆ. ಅದಕ್ಕೆ ತೆರೆಯ ಹಂಗಿಲ್ಲ. ಇನ್ನೊಂದು ಜಾತಿಯದು ಮನುಷ್ಯನನ್ನು ಅನುಕರಿಸುತ್ತದೆ. ತೆರೆಯ ಮೇಲೆ 'ಉಳಿಸು' ಎಂಬ ಗುಂಡಿ ಎಲ್ಲಿದೆಯೆಂದು ಹುಡುಕುತ್ತದೆ, ಅದರ ಮೇಲೆ ಮೌಸ್ ಒಯ್ದು ಒತ್ತುತ್ತದೆ, ಚೌಕದಲ್ಲಿ ಅಕ್ಷರಗಳನ್ನು ಬೆರಳಚ್ಚಿಸುತ್ತದೆ. ೧೯೯೯ರಲ್ಲಿ ಬಂದ ಆಟೋಇಟ್, ೨೦೦೩ರಲ್ಲಿ ಬಂದ ಆಟೋಹಾಟ್‌ಕೀ ಮುಂತಾದವುಗಳಿಂದ ಮೊದಲುಗೊಂಡು, ೨೦೦೫ರಲ್ಲಿ ಬುಕಾರೆಸ್ಟ್ ನಗರದಲ್ಲಿ ಆರಂಭವಾದ ಸಂಸ್ಥೆಯ ಯುಐಪಾತ್‌ವರೆಗೆ ಅನೇಕ ಸಾಧನಗಳು ಈ ಎರಡನೆಯ ಬಗೆಯ ಕೆಲಸಕ್ಕೆ ಹೆಸರಾಗಿವೆ. ಒಬ್ಬ ಗುಮಾಸ್ತ ಇಡೀ ದಿನ ಬೆರಳಚ್ಚಿಸುವುದನ್ನು ಅವು ದಣಿಯದೆ ಮಾಡುತ್ತವೆ. ಆದರೆ ಮನುಷ್ಯನನ್ನು ಅನುಕರಿಸುವವನಿಗೆ ಮನುಷ್ಯನ ಅಗತ್ಯಗಳೂ ಅಂಟಿಕೊಳ್ಳುತ್ತವೆ: ನೋಡಲು ಬೆಳಕಿರುವ ತೆರೆ ಬೇಕು, ಒತ್ತಲು ಬೀಗ ಹಾಕಿರದ ಮೇಜು ಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಒಗಟು ಅರ್ಧ ಬಿಡಿಸಿದಂತೆಯೇ.

ಉಳಿದರ್ಧ ಸೆಷನ್ ಎಂಬ ಮಾತಿನಲ್ಲಿದೆ. ಸರ್ವರನ್ನು ಒಂದು ಛತ್ರವೆಂದು ಭಾವಿಸೋಣ. ಒಳಗೆ ಬಂದ ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಕೋಣೆ ಸಿಗುತ್ತದೆ; ಆ ಕೋಣೆಯೇ ಸೆಷನ್. ಕೋಣೆಯನ್ನು ಬಿಟ್ಟು ಬರುವ ಬಗೆಗಳು ಹಲವು. ಸೈನ್ ಔಟ್ ಮಾಡುವುದೆಂದರೆ ಕೋಣೆಯನ್ನು ಖಾಲಿ ಮಾಡಿದಂತೆ. ಅಲ್ಲಿ ನಡೆಯುತ್ತಿದ್ದ ತಂತ್ರಾಂಶಗಳೆಲ್ಲ ಮುಗಿಯುತ್ತವೆ. ಕಿಟಕಿಯ ಮೂಲೆಯಲ್ಲಿರುವ ಗುಣಾಕಾರ ಚಿಹ್ನೆಯನ್ನು ಒತ್ತುವುದೆಂದರೆ ಖಾಲಿ ಮಾಡದೆ, ದೀಪ ಆರಿಸಿ, ಬೀಗ ಹಾಕಿಕೊಂಡು ಹೊರಟಂತೆ. ಇದನ್ನು ಡಿಸ್ಕನೆಕ್ಟ್ ಎನ್ನುತ್ತಾರೆ. ಸಾಮಾನು ಸರಂಜಾಮು ಇದ್ದಲ್ಲೇ ಇರುತ್ತದೆ, ತಂತ್ರಾಂಶಗಳೂ ಜೀವಂತವಾಗಿಯೇ ಇರುತ್ತವೆ, ಆದರೆ ಕತ್ತಲು. ಕಿಟಕಿಯನ್ನು ಮುಚ್ಚದೆ ಕೆಳಕ್ಕೆ ಇಳಿಸಿಡುವುದು, ಅಂದರೆ ಮಿನಿಮೈಸ್ ಮಾಡುವುದು, ಪರದೆ ಎಳೆದಂತೆ. ಆಗ ಸರ್ವರು 'ನೋಡುವವರೇ ಇಲ್ಲದ ಮೇಲೆ ಚಿತ್ರ ಬರೆಯುವುದೇಕೆ?' ಎಂದುಕೊಂಡು ತೆರೆಯನ್ನು ಬಿಡಿಸುವುದನ್ನೇ ನಿಲ್ಲಿಸುತ್ತದೆ. ಇದು ಅದರ ಮಿತವ್ಯಯ, ದೋಷವಲ್ಲ.

ಈ ಮೂರರಲ್ಲಿ ಯಾವುದನ್ನು ಮಾಡಿದರೂ ತೆರೆಯನ್ನು ನೋಡಿ ದುಡಿಯುವ ತಂತ್ರಾಂಶ ಸಿಕ್ಕಿಬೀಳುತ್ತದೆ. ಮೊದಲನೆಯದರಲ್ಲಿ ಅದು ಸತ್ತೇಹೋಗುತ್ತದೆ. ಉಳಿದೆರಡರಲ್ಲಿ ಕತ್ತಲೆಯಲ್ಲಿ ಗುಂಡಿ ತಡಕುತ್ತಾ ನಿಲ್ಲುತ್ತದೆ. ವಿಚಿತ್ರವೆಂದರೆ, ಮರುದಿನ ನಾವು ಪರೀಕ್ಷಿಸಲು ಕಿಟಕಿ ತೆರೆದೊಡನೆಯೇ ದೀಪ ಹತ್ತಿಕೊಳ್ಳುತ್ತದೆ! ನೋಡುವ ಕ್ರಿಯೆಯೇ ದೋಷವನ್ನು ಮರೆಸುತ್ತದೆ. ಆದುದರಿಂದಲೇ ಈ ದೋಷವನ್ನು ಕಣ್ಣಿನಿಂದ ಕಾಣಲಾಗದು, ತರ್ಕದಿಂದ ಕಾಣಬೇಕು.

ಇದಕ್ಕೊಂದು ನಿದರ್ಶನವನ್ನು ಹೇಳುತ್ತೇನೆ. ನನ್ನ ದೊಡ್ಡಪ್ಪನ ಮಗ ಒಂದು ಧಾನ್ಯದ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಅಂಗಡಿಯವರು ಬಾಡಿಗೆಗೆ ಪಡೆದ ಸರ್ವರಿನಲ್ಲಿ ಲೆಕ್ಕದ ತಂತ್ರಾಂಶವಿದೆ. ದಿನದ ಬಿಲ್ಲುಗಳನ್ನು ರಾತ್ರಿ ತಾನಾಗಿಯೇ ಅದರಲ್ಲಿ ಬೆರಳಚ್ಚಿಸುವಂತೆ ಯಾರಿಂದಲೋ ಒಂದು ಸ್ಕ್ರಿಪ್ಟ್ ಬರೆಸಿ ಹಾಕಿಸಿದ್ದರು. ಅಣ್ಣ ಸಂಜೆ ಅದನ್ನು ಪ್ರಾರಂಭಿಸಿ, ಕಾಲು ಗಂಟೆ ನೋಡಿ, ಎಲ್ಲ ಸರಿಯಾಗಿದೆಯೆಂದು ಮನೆಗೆ ಬರುತ್ತಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಅವನು ಎದ್ದು ಬಂದ ಹೊತ್ತಿನವರೆಗಿನ ಬಿಲ್ಲುಗಳು ಮಾತ್ರ ಏರಿರುತ್ತಿದ್ದವು.

ಸಾಹುಕಾರರ ತರ್ಕ ಹೀಗಿತ್ತು: "ನೀನಿದ್ದಾಗ ನಡೀತದೆ, ನೀನು ಹೋದ ಮೇಲೆ ನಿಲ್ತದೆ. ಹೋಗುವಾಗ ನೀನೇ ನಿಲ್ಲಿಸಿ ಹೋಗ್ತೀಯ. ಕೈಕೆಲಸ ಉಳೀಲಿ ಅಂತ ನಿನ್ನ ಆಸೆ."

"ಇಲ್ಲ ಸಾಹುಕಾರ್ರೆ, ನಾನು ಬರೀ ಕಿಟಕಿ ಮುಚ್ಚಿ ಹೋಗ್ತೀನಿ, ಕೆಲಸ ನಿಲ್ಲಿಸೋದಿಲ್ಲ," ಎಂದು ಅವನು ಹೇಳಿದ್ದ. ಉತ್ತರ ಅವನ ಮಾತಿನಲ್ಲಿಯೇ ಇತ್ತು. ಹೇಳಿದವನಿಗೂ ತಿಳಿಯಲಿಲ್ಲ, ಕೇಳಿದವರಿಗೂ ತಿಳಿಯಲಿಲ್ಲ. ಎರಡು ದಿನದ ಸಂಬಳ ಕಡಿತವಾಯಿತು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡವೆಂದು ಹೇಳಿಯೂ ಆಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಹಿರಿಯರಿಗೆ ಬರೆದ ಕಾಗದವೆಂದರೆ ಭಯ, ಕಂಪ್ಯೂಟರೆಂದರೆ ಇನ್ನೂ ಹೆಚ್ಚಿನ ಭಯ. "ಯಂತ್ರ ಎಲ್ಲಾದರೂ ತಪ್ಪು ಮಾಡುತ್ತದೆಯೇನೋ? ನಿನ್ನದೇ ಏನೋ ಇರಬೇಕು, ತಪ್ಪಾಯಿತು ಅನ್ನು," ಎಂದು ದೊಡ್ಡಪ್ಪನೇ ಮಗನಿಗೆ ಬುದ್ಧಿ ಹೇಳಿದರು.

ಸಾಹುಕಾರರ ತರ್ಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಆಕಸ್ಮಿಕವಾಗಿ ಗಂಟು ಬಿದ್ದ ಕಾಕತಾಳೀಯವಲ್ಲ ಇದು. ಅಣ್ಣ ಹೋಗುವುದಕ್ಕೂ ಕೆಲಸ ನಿಲ್ಲುವುದಕ್ಕೂ ನಿಜವಾಗಿಯೂ ಸಂಬಂಧವಿತ್ತು. ಆದರೆ ಅವನು ಹೋಗುವಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು: ಮನುಷ್ಯ ಹೊರಡುತ್ತಿದ್ದ, ಕಿಟಕಿ ಮುಚ್ಚುತ್ತಿತ್ತು. ಇವೆರಡರಲ್ಲಿ ಕಾರಣ ಯಾವುದು? ಜೊತೆಯಾಗಿ ನಡೆಯುವ ಸಂಗತಿಗಳನ್ನು ಬಿಡಿಸಿ ನೋಡದ ಹೊರತು ಇದನ್ನು ಹೇಳಲಾಗದು.

ಬಿಡಿಸಿ ನೋಡುವ ಕ್ರಮವನ್ನು ತರ್ಕಶಾಸ್ತ್ರ ನಮಗೆ ಕೊಟ್ಟಿದೆ. ನಮ್ಮ ನೈಯಾಯಿಕರು ಅನ್ವಯ, ವ್ಯತಿರೇಕ ಎಂದು ಕರೆದುದು ಇದನ್ನೇ: ಹೊಗೆಯಿರುವಲ್ಲಿ ಬೆಂಕಿಯಿದೆ, ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ. ಆಂಗ್ಲ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ ೧೮೪೩ರಲ್ಲಿ ಪ್ರಕಟವಾದ ತನ್ನ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ಐದು ವಿಧಾನಗಳನ್ನು ನಿರೂಪಿಸಿದನು. ಅವುಗಳಲ್ಲಿ ವ್ಯತಿರೇಕ ವಿಧಾನದ ಸಾರವಿಷ್ಟೆ: ಎರಡು ಪ್ರಸಂಗಗಳು ಒಂದು ಅಂಶವನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಒಂದೇ ಆಗಿದ್ದು, ಒಂದರಲ್ಲಿ ಫಲ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ, ಆ ಒಂದು ಅಂಶದಲ್ಲಿಯೇ ಕಾರಣವಿದೆ. ದೋಷಶೋಧಕರು 'ಒಂದು ಸಲಕ್ಕೆ ಒಂದನ್ನೇ ಬದಲಿಸು' ಎಂದು ಹೇಳುವುದು ಈ ವಿಧಾನದ ಆಡುಮಾತಿನ ರೂಪವಲ್ಲದೆ ಬೇರೆಯಲ್ಲ.

ಅದರಂತೆ ನಾವು ಒಂದು ಹಾಳೆಯಲ್ಲಿ ಗೆರೆಯೆಳೆದು ನಾಲ್ಕು ಸಂಜೆಗಳ ಪರೀಕ್ಷೆ ನಡೆಸಿದೆವು. ಮೊದಲನೆಯ ಸಂಜೆ ಅಣ್ಣ ಕೂತಿದ್ದ, ಕಿಟಕಿ ತೆರೆದಿತ್ತು; ಬಿಲ್ಲುಗಳೆಲ್ಲ ಏರಿದವು. ಎರಡನೆಯ ಸಂಜೆ ಅಣ್ಣ ಕೂತೇ ಇದ್ದ, ಕಿಟಕಿಯನ್ನು ಮಾತ್ರ ಕೆಳಕ್ಕೆ ಇಳಿಸಿದ, ಕೆಲಸ ನಿಂತಿತು. ಮೂರನೆಯ ಸಂಜೆ ಅಣ್ಣ ಮನೆಗೆ ಹೋದ, ಕಿಟಕಿಯನ್ನು ತೆರೆದೇ ಬಿಟ್ಟು, ಕಂಪ್ಯೂಟರು ನಿದ್ರೆಗೆ ಜಾರದಂತೆ ಮಾಡಿ, ಸಾಹುಕಾರರ ಮಗ ಅಂಗಡಿಯಲ್ಲಿದ್ದ, ಬಿಲ್ಲುಗಳೆಲ್ಲ ಏರಿದವು. ನಾಲ್ಕನೆಯ ಸಂಜೆ ಸಾಹುಕಾರರ ಮಗನೇ ಸ್ಕ್ರಿಪ್ಟ್ ಪ್ರಾರಂಭಿಸಿ ಕಿಟಕಿ ಮುಚ್ಚಿದ, ಕೆಲಸ ನಿಂತಿತು. ಮನುಷ್ಯನಿದ್ದೂ ನಿಂತಿತು, ಮನುಷ್ಯನಿಲ್ಲದೆಯೂ ನಡೆಯಿತು. ಕಿಟಕಿ ತೆರೆದಿದ್ದಾಗ ಮಾತ್ರ ಎಂದೂ ನಿಲ್ಲಲಿಲ್ಲ. ಹಾಳೆಯನ್ನು ಓದಲು ಸಾಹುಕಾರರಿಗೆ ಎರಡು ನಿಮಿಷ ಹಿಡಿಯಿತು. ಕಡಿದ ಸಂಬಳವನ್ನು ಅವರು ಆ ವಾರವೇ ಕೊಟ್ಟರೆಂಬುದನ್ನು ಇಲ್ಲಿ ಹೇಳುವುದು ನ್ಯಾಯ.

ಪರೀಕ್ಷೆಯ ಫಲವನ್ನು ಯಂತ್ರದ ದಿನಚರಿಯೊಡನೆ ತಾಳೆ ನೋಡಬೇಕು. ಈ ದಿನಚರಿಗೆ ಲಾಗ್ ಎಂದು ಹೆಸರು. ವಿಂಡೋಸ್ ಸರ್ವರಿನ ಈವೆಂಟ್ ವ್ಯೂವರಿನಲ್ಲಿ ಸೆಷನ್ನುಗಳಿಗೆ ಸಂಬಂಧಿಸಿದ ದಿನಚರಿಯೊಂದಿದೆ. ಅದರಲ್ಲಿ ೨೧ ಎಂಬ ಸಂಖ್ಯೆ ಒಳಬಂದುದನ್ನೂ, ೨೩ ಸೈನ್ ಔಟ್ ಆದುದನ್ನೂ, ೨೪ ಡಿಸ್ಕನೆಕ್ಟ್ ಆದುದನ್ನೂ, ೨೫ ಮರಳಿ ಸಂಪರ್ಕ ಪಡೆದುದನ್ನೂ ಗಂಟೆ ನಿಮಿಷ ಸಹಿತ ತಿಳಿಸುತ್ತವೆ. ಸ್ಕ್ರಿಪ್ಟ್ ಕೊನೆಯ ಬಿಲ್ಲನ್ನು ಏರಿಸಿದ ಹೊತ್ತೂ ೨೪ರ ಹೊತ್ತೂ ಹೊಂದಿಕೊಂಡರೆ ಸಾಕ್ಷಿ ದೊರೆತಂತಾಯಿತು. ಕಮಾಂಡ್ ಕಿಟಕಿಯಲ್ಲಿ 'ಕ್ವೆರಿ ಸೆಷನ್' ಎಂಬ ಆಜ್ಞೆ ಕೊಟ್ಟರೆ ಛತ್ರದಲ್ಲಿ ಈಗ ಯಾವ ಕೋಣೆ ಯಾವ ಸ್ಥಿತಿಯಲ್ಲಿದೆಯೆಂಬ ಪಟ್ಟಿ ಬರುತ್ತದೆ. ಮನುಷ್ಯನ ನೆನಪು ಭಯದಲ್ಲಿ ತಡವರಿಸುತ್ತದೆ, ದಿನಚರಿಗೆ ಭಯವಿಲ್ಲ.

ಎಲ್ಲ ದೋಷಕ್ಕೂ ಕಿಟಕಿಯೇ ಕಾರಣವೆಂದು ತಿಳಿಯುವುದೂ ತಪ್ಪು. ಒಂದು ಕಾರಣ ಸಿಕ್ಕಿತೆಂದು ಅದನ್ನೇ ಎಲ್ಲೆಡೆ ಅಂಟಿಸುವುದು ಅರ್ಧ ಕಲಿತವನ ಲಕ್ಷಣ. ಇನ್ನು ಕೆಲವು ಕಾರಣಗಳನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದು ತೆರೆಯ ಅಳತೆ. ಒಂದು ಕಂಪ್ಯೂಟರಿನಿಂದ ಸರ್ವರನ್ನು ಸೇರಿದಾಗ ತೆರೆ ಒಂದು ಅಳತೆಯಲ್ಲಿರುತ್ತದೆ, ಇನ್ನೊಂದರಿಂದ ಸೇರಿದಾಗ ಬೇರೊಂದು ಅಳತೆಗೆ ಬದಲಾಗಬಹುದು. ಅಕ್ಷರಗಳ ಹಿಗ್ಗಿಸುವಿಕೆ ನೂರಕ್ಕೆ ೧೦೦ ಇದ್ದುದು ೧೨೫ ಆದರೆ ಗುಂಡಿಯ ಸ್ಥಾನವೂ ಚಿತ್ರವೂ ಬದಲಾಗುತ್ತವೆ. ಸ್ಥಾನವನ್ನು ಲೆಕ್ಕಹಾಕಿ ಒತ್ತುವ ಸ್ಕ್ರಿಪ್ಟ್ ಆಗ ಬಯಲನ್ನು ಒತ್ತುತ್ತದೆ, ಇಲ್ಲವೆ ಪಕ್ಕದ ಗುಂಡಿಯನ್ನು ಒತ್ತುತ್ತದೆ. ಎರಡನೆಯದು ಅವಧಿ. ಡಿಸ್ಕನೆಕ್ಟ್ ಆದ ಕೋಣೆಯನ್ನು ಇಷ್ಟು ಹೊತ್ತಿನ ಮೇಲೆ ಖಾಲಿ ಮಾಡಿಸಬೇಕೆಂದು ಸರ್ವರಿನ ಆಡಳಿತಗಾರರು ನಿಯಮ ಹಾಕಿರಬಹುದು. ಆಗ ಕೆಲಸ ನಿರ್ದಿಷ್ಟ ಕಾಲಾನಂತರ ಪ್ರತಿ ದಿನವೂ ಒಂದೇ ಬಗೆಯಲ್ಲಿ ಸಾಯುತ್ತದೆ. ನಿಲುಗಡೆ ಗಡಿಯಾರದಂತೆ ಕ್ರಮಬದ್ಧವಾಗಿದ್ದರೆ ಈ ನಿಯಮವನ್ನು ಶಂಕಿಸಬೇಕು.

ಮೂರನೆಯದು ಕಿಟಕಿಯೇ ಇಲ್ಲದ ಕೋಣೆ. ವಿಂಡೋಸ್ ವಿಸ್ಟಾ ಮತ್ತು ಸರ್ವರ್ ೨೦೦೮ರಿಂದ ಈಚೆಗೆ, ಹಿನ್ನೆಲೆಯ ಸೇವೆಗಳೆಲ್ಲ ಸೊನ್ನೆಯ ಸಂಖ್ಯೆಯ ಪ್ರತ್ಯೇಕ ಸೆಷನ್ನಿನಲ್ಲಿ ನಡೆಯುತ್ತವೆ. ಬಳಕೆದಾರರ ತೆರೆಗೂ ಅದಕ್ಕೂ ಸಂಬಂಧವಿಲ್ಲ. ಟಾಸ್ಕ್ ಷೆಡ್ಯೂಲರಿನಲ್ಲಿ 'ಬಳಕೆದಾರ ಇದ್ದರೂ ಇಲ್ಲದಿದ್ದರೂ ನಡೆಸು' ಎಂಬುದನ್ನು ಆರಿಸಿದರೂ ಕೆಲಸ ತೆರೆಯಿಲ್ಲದ ಕಡೆ ನಡೆಯುತ್ತದೆ. ಕಡತದ ಕೆಲಸಕ್ಕೆ ಇದು ಉತ್ತಮ, ಗುಂಡಿ ಒತ್ತುವ ಕೆಲಸಕ್ಕೆ ನಿರರ್ಥಕ. ನಾಲ್ಕನೆಯದು ದಾರಿ ತಪ್ಪಿದ ಕಡತ. ಒಬ್ಬನ ಸೆಷನ್ನಿನಲ್ಲಿ 'ಝಡ್' ಎಂಬ ಅಕ್ಷರಕ್ಕೆ ಜೋಡಿಸಿದ ಜಾಲದ ಡ್ರೈವ್ ಇನ್ನೊಬ್ಬನ ಸೆಷನ್ನಿನಲ್ಲಿ ಇರುವುದಿಲ್ಲ. ಅಕ್ಷರವನ್ನು ನಂಬದೆ ಪೂರ್ಣ ವಿಳಾಸ ಬರೆಯುವುದು ಕ್ಷೇಮ. ಐದನೆಯದು ಉತ್ತರಕ್ಕಾಗಿ ಕಾದು ನಿಂತ ಪೆಟ್ಟಿಗೆ. 'ಉಳಿಸಬೇಕೆ?' ಎಂದು ತಂತ್ರಾಂಶವೊಂದು ಕೇಳಿ ನಿಂತರೆ, ಉತ್ತರ ಹೇಳುವವರಿಲ್ಲದೆ ರಾತ್ರಿಯೆಲ್ಲ ನಿಂತೇ ಇರುತ್ತದೆ. ಆರನೆಯದು ನವೀಕರಣ. ಮೈಕ್ರೋಸಾಫ್ಟ್ ಸಂಸ್ಥೆ ಪ್ರತಿ ತಿಂಗಳ ಎರಡನೆಯ ಮಂಗಳವಾರ ಸುಧಾರಣೆಗಳನ್ನು ಬಿಡುಗಡೆ ಮಾಡುವ ರೂಢಿಯಿದೆ. ಅದರ ಬೆನ್ನಿಗೆ ಸರ್ವರು ಮರುಪ್ರಾರಂಭವಾದರೆ ಎಲ್ಲ ಕೋಣೆಗಳೂ ಖಾಲಿ. ತಿಂಗಳಿಗೊಮ್ಮೆ ಮಾತ್ರ ಕಾಣುವ ದೋಷಕ್ಕೆ ಪಂಚಾಂಗವನ್ನೂ ನೋಡಬೇಕೆನ್ನುವುದು ತಮಾಷೆಯ ಮಾತಲ್ಲ.

ಪರಿಹಾರಗಳಿಗೂ ಅವುಗಳದೇ ಬೆಲೆಯುಂಟು. ಕಿಟಕಿ ಇಳಿಸಿದಾಗ ಚಿತ್ರ ನಿಲ್ಲದಿರಲು ನಾವು ಕೂತಿರುವ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ, ಸರ್ವರಿನಲ್ಲಲ್ಲ, ಒಂದು ಮೌಲ್ಯವನ್ನು ೨ ಎಂದು ಬರೆಯುವ ಉಪಾಯವಿದೆ. ಆದರೆ ಕಿಟಕಿ ಮುಚ್ಚಿದರೆ ಅದು ಉಪಯೋಗಕ್ಕೆ ಬಾರದು. 'ಟಿ.ಎಸ್.ಕಾನ್' ಎಂಬ ಆಜ್ಞೆಯಿಂದ ಸೆಷನ್ನನ್ನು ಸರ್ವರಿನ ಸ್ವಂತ ತೆರೆಗೆ ಸಾಗಿಸಿ, ನಮ್ಮ ಕಿಟಕಿ ಮುಚ್ಚಿದರೂ ಬೀಗ ಬೀಳದಂತೆ ಮಾಡಬಹುದು. ಇದಕ್ಕೆ ಆಡಳಿತಗಾರರ ಅಧಿಕಾರ ಬೇಕು. ಮೇಲಾಗಿ, ಬೀಗ ಹಾಕದೆ ಕೋಣೆ ತೆರೆದಿಟ್ಟಂತೆಯೇ ಆಗುವುದರಿಂದ ಸರ್ವರಿನ ಬಳಿ ಸುಳಿಯುವವರು ಯಾರು ಬೇಕಾದರೂ ಒಳಹೊಕ್ಕಾರು. ಹಣದ ಲೆಕ್ಕವಿರುವಲ್ಲಿ ಇದು ಸಣ್ಣ ಅಪಾಯವಲ್ಲ. ಯಾರೂ ನೋಡದೆ ನಡೆಯುವುದಕ್ಕೆಂದೇ ಸಿದ್ಧಪಡಿಸಿದ, ತಾನೇ ಸೆಷನ್ ತೆರೆದುಕೊಳ್ಳುವ ತಂತ್ರಾಂಶಗಳೂ ಇವೆ. ಅವಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ. ಎಲ್ಲಕ್ಕಿಂತ ಭದ್ರವಾದುದು, ಸಾಧ್ಯವಿರುವಲ್ಲಿ, ತೆರೆಯ ಹಂಗನ್ನೇ ತೊರೆಯುವುದು. ಮೇಲೆ ಹೇಳಿದ ಮಂಡಿಯಲ್ಲಿ ಕೊನೆಗೆ ಆದದ್ದೂ ಇದೇ. ಲೆಕ್ಕದ ತಂತ್ರಾಂಶಕ್ಕೆ ಬಿಲ್ಲುಗಳನ್ನು ಒಂದೇ ಕಡತವಾಗಿ ಸ್ವೀಕರಿಸುವ ಬಾಗಿಲು ಮೊದಲಿನಿಂದಲೂ ಇತ್ತು. ಒಂದೊಂದಾಗಿ ಬೆರಳಚ್ಚಿಸುವುದು ಬೇಕೇ ಇರಲಿಲ್ಲ.

ನಿಂತ ಕೆಲಸವನ್ನು ಮತ್ತೆ ಆರಂಭಿಸುವಾಗ ಒಂದು ಎಚ್ಚರಿಕೆ ಅವಶ್ಯ. ಮೊದಲಿನಿಂದ ನಡೆಸಿದರೆ ಏರಿದ ಬಿಲ್ಲುಗಳೇ ಎರಡನೆಯ ಸಲ ಏರಿ, ರೈತನೊಬ್ಬನ ಹೆಸರಿನಲ್ಲಿ ಒಂದೇ ಚೀಲಕ್ಕೆ ಎರಡು ಲೆಕ್ಕ ಬಿದ್ದೀತು. ಆದುದರಿಂದ ಪ್ರತಿ ಬಿಲ್ಲು ಮುಗಿದೊಡನೆ 'ಆಯಿತು' ಎಂದು ಗುರುತು ಹಾಕುವ, ಗುರುತಿದ್ದುದನ್ನು ಬಿಟ್ಟು ಮುಂದುವರಿಯುವ ಸ್ಕ್ರಿಪ್ಟೇ ಸ್ಕ್ರಿಪ್ಟು. ರಾಶಿ ಅಳೆಯುವವನು ಕೊಳಗದ ಎಣಿಕೆಯನ್ನು ಗೋಡೆಯ ಮೇಲೆ ಗೆರೆಯೆಳೆದು ಇಟ್ಟುಕೊಳ್ಳುವಂತೆ ಇದು.

ಯಂತ್ರಗಳು ಮನುಷ್ಯನ ಕೆಲಸವನ್ನು ಮಾಡತೊಡಗಿದಂತೆ ಮನುಷ್ಯನ ಹೊಣೆ ಕಡಿಮೆಯಾಗುವುದೆಂದು ನಾವು ಎಣಿಸುತ್ತೇವೆ. ಆದರೆ ಯಂತ್ರ ನಿಂತಾಗ ಅದನ್ನು ಕೇಳುವವರಿಲ್ಲ; ಅದರ ಮುಂದೆ ಕೂತವನನ್ನು ಕೇಳುತ್ತಾರೆ. ಕೂತವನು ಹೆಚ್ಚಾಗಿ ಕಡಿಮೆ ಸಂಬಳದವನು, ಎದುರು ಮಾತನಾಡಲು ಅಂಜುವವನು. ಅವನು ಕಾರಣವನ್ನು ಹುಡುಕುವ ಕ್ರಮವನ್ನು ಅರಿತಿದ್ದರೆ ಅವನ ಕೈಯಲ್ಲಿ ಒಂದು ಹಾಳೆಯಿರುತ್ತದೆ. ಅರಿಯದಿದ್ದರೆ ಬರಿಯ ಕೈಮುಗಿತವಿರುತ್ತದೆ. ತರ್ಕಶಾಸ್ತ್ರವನ್ನು ಪರೀಕ್ಷೆಗೆಂದು ಓದಿ ಮರೆಯುವ ನಾವು, ಯಾವ ದೋಷವನ್ನೇ ಆಗಲಿ ಯಾರ ತಲೆಗಾದರೂ ಕಟ್ಟುವ ಮೊದಲು, ಜೊತೆಯಾಗಿ ನಡೆದ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಅಭ್ಯಾಸವನ್ನು ಮಾಡಿಕೊಂಡರೆ, ಓದಿದ್ದಕ್ಕೂ ಸಾರ್ಥಕವಾದೀತು, ದುಡಿಯುವವನಿಗೂ ನ್ಯಾಯ ದೊರೆತೀತು.